ಸ್ಪೇಸ್ ಬಾರಿನ ಮೇಲಿನ ಕುಂಕುಮ

ಮಧ್ಯಾಹ್ನ ಊಟದ ಹೊತ್ತಿಗೆ ಆ ತಾಯಿ ನಮ್ಮ ಮೆಟ್ಟಿಲು ಹತ್ತಿ ಬರುವುದು ದಿನದ ರೂಢಿಯಾಗಿತ್ತು. ಬಿಟಿಎಂ ಲೇಔಟಿನಲ್ಲಿ ಬಸ್ಸು ಹಿಡಿದು, ಜಯನಗರದಲ್ಲಿ ಇಳಿದು, ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಬರುತ್ತಿದ್ದರು. ಬಾಗಲಕೋಟೆ ಕಡೆಯವರು. ಗಂಡನಿಗೆ ಇಲ್ಲಿ ಕೊರಿಯರ್ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದರಿಂದ ಬಂದು ಬಾಡಿಗೆ ಮನೆ ಹಿಡಿದಿದ್ದರು. ಒಬ್ಬಳೇ ಮಗಳು, ಹನ್ನೆರಡಕ್ಕೆ ಕಾಲಿಟ್ಟವಳು, ನಮ್ಮ ಕೇಂದ್ರದಲ್ಲಿ ಕಲಿಯುತ್ತಿದ್ದಳು. ಆಟಿಸಂ ಇದ್ದ ಹುಡುಗಿ. ಮಾತು ಬಂದಿರಲಿಲ್ಲ. ತಾಯಿಯ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಅವಳು ತಿನ್ನುತ್ತಿರಲಿಲ್ಲ.

ನಮ್ಮದು ಹಳೆಯ ಮನೆಯೊಂದರ ಮಹಡಿಯಲ್ಲಿ ನಡೆಯುತ್ತಿದ್ದ ವಿಶೇಷ ಮಕ್ಕಳ ಸಣ್ಣ ಕೇಂದ್ರ. ನಾನಲ್ಲಿ ಟೀಚರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಆಟಿಸಂ ಎಂದರೆ ಏನು ಎಂದು ಎದುರು ಮನೆಯವರಿಗೂ ಆಟೋದವರಿಗೂ ವಿವರಿಸುತ್ತಿದ್ದ ಕಾಲ. ಆ ಹುಡುಗಿ ತಾನೇ ತಿನ್ನುವುದನ್ನು ಕಲಿಯಲಿ ಎಂದು ನಾವು ಬಹಳ ದಿನ ಹೆಣಗಿದ್ದೆವು. ಬೆರಳಿಗೆ ಅನ್ನ ಅಂಟಿದರೆ ಚರ್ಮ ಸುಲಿದು ಹೋಗುವಷ್ಟು ಉಜ್ಜಿಕೊಳ್ಳುತ್ತಿದ್ದಳು. ಚಮಚ ಹಲ್ಲಿಗೆ ತಾಗಿದರೆ ತಟ್ಟೆಯೇ ಹಾರುತ್ತಿತ್ತು. ತಾಯಿ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರೆ ಮಾತ್ರ ಎಲ್ಲ ಸರಿ. ಪ್ರತಿ ತುತ್ತಿಗೂ ಮುಂಚೆ ತಾಯಿಯ ಹಣೆಯ ಕುಂಕುಮವನ್ನು ತೋರುಬೆರಳಿನಿಂದ ಒಂದು ಸಲ ಒತ್ತುತ್ತಿದ್ದಳು, ಕಾಲಿಂಗ್ ಬೆಲ್ ಒತ್ತಿದ ಹಾಗೆ. ಆಮೇಲೆ ಬಾಯಿ ತೆರೆಯುತ್ತಿದ್ದಳು. ನಾನೂ ಒಂದು ದಿನ ಅಗಲವಾಗಿ ಕುಂಕುಮ ಇಟ್ಟುಕೊಂಡು ಡಬ್ಬಿ ಹಿಡಿದು ಎದುರಿಗೆ ಕೂತೆ. ನನ್ನ ಹಣೆಯ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ಮಗಳಿಗೆ ಉಣಿಸಿ ಮುಗಿಸಿದ ಮೇಲೆ ಆ ತಾಯಿ ಏಳಲಿಲ್ಲ. ಗೋಡೆಗೆ ಒರಗಿ ಕೂತೇ ಇದ್ದರು. ಮುಖ ಬಿಳುಚಿಕೊಂಡಿತ್ತು.

"ಅಕ್ಕಾರ, ಒಂದು ಮಾತು ಹೇಳಬೇಕಾಗಿತ್ರಿ. ಡಾಕ್ಟರು ಗರ್ಭಕೋಶ ತಗೀಬೇಕು ಅಂದಾರ. ಹೋದ ವರ್ಷನ ಅಂದಿದ್ರು. ನಾನ ಮುಂದಕ್ಕ ಹಾಕ್ಕೋಂತ ಬಂದೆ."

"ಯಾಕಮ್ಮಾ ಮುಂದಕ್ಕೆ ಹಾಕಿದ್ರಿ?"

ಅವರು ಮಗಳ ಕಡೆ ಗಲ್ಲ ತೋರಿಸಿದರು. "ನಾ ಆಸ್ಪತ್ರ್ಯಾಗ ಮಲಗಿದ್ರ ಇಕಿಗೆ ಯಾರು ಉಣಿಸ್ತಾರ್ರಿ?"

ಅದು ಸುಮ್ಮನೆ ಹೇಳಿದ ಮಾತಲ್ಲ. ಹಿಂದೊಮ್ಮೆ ಅವರು ತವರಿನಲ್ಲಿ ಸಾವಾಯಿತೆಂದು ಹೋಗಿದ್ದಾಗ ಹುಡುಗಿ ಹಾಲು ನೀರು ಎರಡನ್ನೂ ಬಿಟ್ಟು, ಕೊನೆಗೆ ಡ್ರಿಪ್ ಹಾಕಿಸಬೇಕಾಗಿ ಬಂದಿತ್ತು. ಈಗ ಡಾಕ್ಟರು, ರಕ್ತ ತೀರಾ ಇಳಿದಿದೆ, ಮಾತ್ರೆ ಇಂಜೆಕ್ಷನ್ ಕೊಟ್ಟು ಏರಿಸುತ್ತೇವೆ, ದೀಪಾವಳಿ ಕಳೆದ ಕೂಡಲೇ ಬಂದು ಸೇರಲೇಬೇಕು, ಇನ್ನೂ ತಡಮಾಡಿದರೆ ಜೀವಕ್ಕೇ ಅಪಾಯ ಎಂದಿದ್ದರಂತೆ. ಹಾಗಾಗಿ ನಮ್ಮ ಕೆಲಸ ಏನೆಂಬುದು ಆ ಮಧ್ಯಾಹ್ನವೇ ನಿಶ್ಚಯವಾಯಿತು. ದೀಪಾವಳಿಯೊಳಗೆ ಈ ಹುಡುಗಿ ಇನ್ನೊಂದು ಕೈಯಿಂದ ಉಣ್ಣಬೇಕು. ಆ ಕೈ ಯಾರದು ಎಂದು ಕೇಳಿದೆ. ಗಂಡನ ಅಕ್ಕ, ಹುಡುಗಿಗೆ ಸೋದರತ್ತೆ, ಊರಿನಿಂದ ಬಂದಿರಲು ಒಪ್ಪಿದ್ದಾರೆ ಎಂದರು.

ಅದೇ ತಿಂಗಳು ನಮ್ಮಲ್ಲಿಗೆ ಒಂದು ಕಂಪ್ಯೂಟರ್ ಬಂದಿತ್ತು. ಯಾವುದೋ ಆಫೀಸಿನವರು ಹೊಸದನ್ನು ತರಿಸಿಕೊಂಡು ಹಳೆಯದನ್ನು ನಮಗೆ ದಾನ ಮಾಡಿದ್ದರು. ಇಬ್ಬರು ಎತ್ತಬೇಕಾದ ಮಾನಿಟರು, ಎರಡು ಪುಟ್ಟ ಸ್ಪೀಕರು, ಒಂದು ಮೈಕು. ಚಾಪೆಗಳನ್ನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಮಕ್ಕಳು ನೆಲದ ಮೇಲೆ ಕೂತರೆ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಗಿಡ್ಡ ಮೇಜಿನ ಮೇಲೆ ಇಟ್ಟೆವು. ಅದರ ಜೊತೆ ವಿದೇಶದಲ್ಲಿ ಮಾಡಿದ ಒಂದು ಸಿಡಿಯೂ ಬಂದಿತ್ತು. ಸೇಬಿನ ಚಿತ್ರ ತೋರಿಸಿ ಒಬ್ಬ ಹೆಂಗಸು ಉಲ್ಲಾಸದಿಂದ ಇಂಗ್ಲಿಷಿನಲ್ಲಿ ಕೂಗುವುದು. ನಮ್ಮ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಅವಳಿಗೆ ಹಿಡಿಸಿದ್ದು ಸಿಡಿ ಇಡುವ ತಟ್ಟೆ. ಗುಂಡಿ ಒತ್ತಿದರೆ ಹೊರಗೆ ಬರುತ್ತದೆ, ಮತ್ತೆ ಒತ್ತಿದರೆ ಒಳಗೆ ಹೋಗುತ್ತದೆ. ಬಿಟ್ಟರೆ ದಿನವಿಡೀ ಅದೇ. ಯಂತ್ರ ಕೆಡುತ್ತದೆಂದು ಅದಕ್ಕೊಂದು ರಟ್ಟಿನ ಮುಚ್ಚಳ ಮಾಡಿ ಅಂಟಿಸಿದೆವು.

ನನ್ನ ಜೊತೆಗಿದ್ದ ಕಿರಿಯ ಟೀಚರ್ ಸಂಜೆ ಹೊತ್ತು ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತವಳು. ಅವಳಿಗೆ ಆ ತಾಯಿಯ ವಿಷಯ ಹೇಳಿದೆ. ಅವಳು, "ಮೇಡಂ, ಸಿಡಿ ಬಿಟ್ಟಾಕಿ. ಅವಳ ಮನೆದೇ ಫೋಟೋ ಹಾಕೋಣ. ಒಂದಾದ ಮೇಲೊಂದು ಬರೋ ಥರ, ಸ್ಲೈಡ್ ಶೋ ಮಾಡೋಣ," ಎಂದಳು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಮುಂದೆ ಏನಾಗುತ್ತದೆಂದು ಕಣ್ಣಿಗೆ ಕಂಡರೆ ಅರ್ಧ ಭಯ ಇಳಿಯುತ್ತದೆ. ಅಷ್ಟು ನನಗೂ ಗೊತ್ತಿತ್ತು. ಗೋಡೆಗೆ ಚಿತ್ರ ಅಂಟಿಸಿ ದಿನದ ಪಾಠಗಳನ್ನು ಹಾಗೇ ನಡೆಸುತ್ತಿದ್ದೆವು. ಆದರೆ ಈ ಹುಡುಗಿ ಕಾಗದದ ಚಿತ್ರ ಕಂಡರೆ ಹರಿದು ಸುರುಳಿ ಸುತ್ತುತ್ತಿದ್ದಳು. ಗಾಜಿನ ಹಿಂದಿನ ಚಿತ್ರವನ್ನು ಹರಿಯಲಾಗದು.

ಹೇಳಿದಷ್ಟು ಸುಲಭವೇನಾಗಲಿಲ್ಲ. ಕ್ಯಾಮೆರಾಕ್ಕೆ ರೋಲ್ ಹಾಕಿ ಫೋಟೋ ತೆಗೆದು, ನಾಲ್ಕನೇ ಬ್ಲಾಕಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಅದನ್ನು ಬ್ರೌಸಿಂಗ್ ಸೆಂಟರಿಗೆ ಒಯ್ದು ಸ್ಕ್ಯಾನ್ ಮಾಡಿಸಿ, ಫ್ಲಾಪಿಯಲ್ಲಿ ತುಂಬಿಕೊಂಡು ಬರಬೇಕು. ಚಿತ್ರ ದೊಡ್ಡದಾದರೆ ಫ್ಲಾಪಿಗೆ ಹಿಡಿಯದು, ಸಣ್ಣದಾದರೆ ಪರದೆಯ ಮೇಲೆ ಮುಖ ಚೌಕಚೌಕವಾಗಿ ಒಡೆಯುವುದು. ತಂದ ಫ್ಲಾಪಿಯನ್ನು ನಮ್ಮ ಯಂತ್ರ ಓದುವುದಿಲ್ಲ ಎಂದರೆ ಮತ್ತೆ ಬ್ರೌಸಿಂಗ್ ಸೆಂಟರು. ಅಲ್ಲಿ ಕೂತವನು ನಮ್ಮನ್ನು ಕಂಡರೆ, "ಬಂದ್ರಾ, ರೊಟ್ಟಿ ಫೋಟೋ ಮೇಡಂ," ಎನ್ನುವಷ್ಟು ಪರಿಚಯವಾದ. ರೊಟ್ಟಿಯ ಫೋಟೋವನ್ನು ಯಾರೂ ಇಷ್ಟು ಸಲ ಸ್ಕ್ಯಾನ್ ಮಾಡಿಸಿರಲಿಲ್ಲವಂತೆ.

ಹೀಗೆ ಎರಡು ಕಥೆ ಕಟ್ಟಿದೆವು. ಮೊದಲನೆಯದು ಊಟದ್ದು: ತಟ್ಟೆಯಲ್ಲಿ ರೊಟ್ಟಿ, ಅವ್ವನ ಕೈಯಲ್ಲಿ ತುತ್ತು, ಅತ್ತೆಯ ಕೈಯಲ್ಲಿ ತುತ್ತು, ಖಾಲಿ ತಟ್ಟೆ. ಎರಡನೆಯದು ಆಸ್ಪತ್ರೆಯದು: ಅವ್ವ ಚೀಲ ಹಿಡಿದದ್ದು, ಆಸ್ಪತ್ರೆಯ ಬಾಗಿಲು, ಅವ್ವ ಮಂಚದ ಮೇಲೆ ಮಲಗಿದ್ದು, ಮನೆಯಲ್ಲಿ ಅತ್ತೆ ಉಣಿಸುವುದು, ಕೊನೆಗೆ ಅವ್ವ ಮನೆಗೆ ಬಂದದ್ದು. ಪ್ರತಿ ಚಿತ್ರಕ್ಕೂ ಒಂದು ಮಾತು. ಮೊದಲು ನಾನೇ ಮೈಕಿನಲ್ಲಿ ಹೇಳಿದೆ. ಹುಡುಗಿ ಲಕ್ಷ್ಯ ಕೊಡಲಿಲ್ಲ. ತಾಯಿಯನ್ನೇ ಕೂರಿಸಿದೆವು. ಸದ್ದಾಗಬಾರದೆಂದು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬೆವರೊರೆಸಿಕೊಳ್ಳುತ್ತಾ ಅವರು ಹೇಳಿದರು: "ಈಗ ಅತ್ತಿ ತಿನಸ್ತಾಳ. ಬಾಯಿ ತಗಿ." ಎಷ್ಟು ಮುಚ್ಚಿದರೂ ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗೊಂದು ಹಿಂದೆ ಸೇರಿಕೊಂಡಿತು. ತೆಗೆಯಲು ಬರಲಿಲ್ಲ, ಬಿಟ್ಟೆವು.

ತಾಯಿಯ ದನಿ ಪೆಟ್ಟಿಗೆಯಿಂದ ಬಂದಾಗ ಹುಡುಗಿ ಮೊದಲು ಪರದೆ ನೋಡಿದಳು. ಆಮೇಲೆ ಮಾನಿಟರಿನ ಹಿಂದೆ ಹೋಗಿ ನೋಡಿದಳು. ಬಂದು ಕೂತಳು. ಅಷ್ಟಾದದ್ದೇ ನಮಗೆ ಹಬ್ಬ.

ಆದರೆ ಮೌಸ್ ಅವಳಿಗೆ ಒಗ್ಗಲಿಲ್ಲ. ಮುಂದಿನ ಚಿತ್ರ ಬರಬೇಕಾದರೆ ಅವಳೇ ತರಿಸಿಕೊಳ್ಳಬೇಕು ಎಂಬುದು ನನ್ನ ಹಟ. ನಾನು ಒತ್ತಿ ತೋರಿಸಿದರೆ ಅದು ಟಿವಿ ಆಗುತ್ತದೆ. ನಡೆಯುವುದು ತನ್ನ ಅಂಕೆಯಲ್ಲಿದೆ ಎಂದು ಅವಳಿಗೆ ಅನ್ನಿಸಬೇಕು. ಅವಳೋ ಮೌಸನ್ನು ಮೇಜಿನಿಂದ ಎತ್ತಿ, ಪರದೆಯ ಮೇಲಿದ್ದ ರೊಟ್ಟಿಗೆ ಒತ್ತುತ್ತಿದ್ದಳು. ಕೈ ಹಿಡಿದು ಮೇಜಿನ ಮೇಲೆ ಇರಿಸಿದರೆ ಮತ್ತೆ ಎತ್ತುತ್ತಿದ್ದಳು.

"ಅವಳು ಮಾಡ್ತಿರೋದೇ ಸರಿ ಮೇಡಂ," ಎಂದಳು ಕಿರಿಯ ಟೀಚರ್. "ರೊಟ್ಟಿ ಅಲ್ಲಿದೆ. ಇಲ್ಲಿ ಮೇಜು ಉಜ್ಜಿದ್ರೆ ಏನ್ ಬರತ್ತೆ?"

ವಾರಗಳು ಹೋದವು. ಗೌರಿ ಗಣೇಶ ಕಳೆಯಿತು. ಫೋಟೋಕ್ಕೆಂದು ಒಂದು ಸಲ ಬಂದು ಹೋಗಿದ್ದ ಅತ್ತೆ ಈಗ ಇರಲೆಂದೇ ಊರಿನಿಂದ ಬಂದರು. ಎತ್ತರದ ಹೆಂಗಸು, ಗಟ್ಟಿ ದನಿ, ತಲೆಯ ಮೇಲೆ ಸೆರಗು. ಕಂಪ್ಯೂಟರಿನ ಮುಂದೆ ಕೂತು ತಮ್ಮದೇ ಕೈಯ ಫೋಟೋ ನೋಡಿ, "ಇಷ್ಟು ಕಪ್ಪ ಅದಾವೇನ್ರಿ ನನ್ನ ಕೈ? ನಿಮ್ಮ ಪೆಟ್ಟಿಗಿ ಸುಳ್ಳ ಹೇಳತೈತಿ," ಎಂದರು. ಹುಡುಗಿ ಅವರ ಕೈಯ ತುತ್ತನ್ನು ತಳ್ಳಿದಾಗಲೂ ನಕ್ಕರು. ಮನೆಗೆ ಹೋಗಿ ಅತ್ತರೆಂದು ತಾಯಿ ಆಮೇಲೆ ಹೇಳಿದರು.

ಆಯುಧಪೂಜೆ ಬಂತು. ನಮ್ಮಲ್ಲಿ ಪ್ರತಿ ವರ್ಷ ಕತ್ತರಿ, ಹೊಲಿಗೆ ಯಂತ್ರ, ಮಕ್ಕಳ ಕೆಲಸದ ಸುತ್ತಿಗೆಗಳನ್ನೆಲ್ಲ ಜೋಡಿಸಿಟ್ಟು ಪೂಜೆ ಮಾಡುತ್ತಿದ್ದೆವು. ಆ ವರ್ಷ ಕಂಪ್ಯೂಟರೇ ಹಿರಿಯ ಆಯುಧ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾನಿಟರಿಗೆ ವಿಭೂತಿ ಹಚ್ಚಿ, ಸೇವಂತಿಗೆ ಹೂ ಮುಡಿಸಿ, ಎಲ್ಲದಕ್ಕೂ ಕುಂಕುಮ ಇಟ್ಟೆ. ಕೀಬೋರ್ಡಿಗೆ ಎಲ್ಲಿ ಇಡುವುದು? ಅಷ್ಟು ಗುಂಡಿಗಳಲ್ಲಿ ಉದ್ದದ್ದು ಒಂದೇ, ಕೆಳಗಿನ ಸ್ಪೇಸ್ ಬಾರು. ಅದರ ನಡುವೆ ನೀರಿನಲ್ಲಿ ಕಲಸಿದ ಕುಂಕುಮದ ಬೊಟ್ಟೊಂದನ್ನು ಇಟ್ಟೆ. "ಕುಂಕುಮ ಒಳಗೆ ಉದುರಿದ್ರೆ ಕೀ ಕಚ್ಕೊಳ್ಳತ್ತೆ ಮೇಡಂ," ಎಂದು ಕಿರಿಯ ಟೀಚರ್ ಗೊಣಗಿದಳು. ದೇವರ ಕಾರ್ಯ, ಆಮೇಲೆ ಒರೆಸಿದರಾಯಿತು ಎಂದೆ. ವಿಜಯದಶಮಿಯ ರಜೆ ಕಳೆದು ಕೇಂದ್ರ ತೆರೆದಾಗ ಒರೆಸುವುದು ಮರೆತೇ ಹೋಗಿತ್ತು.

ಅಂದು ಬೆಳಿಗ್ಗೆ ಸ್ಲೈಡ್ ಶೋ ಹಾಕಿ, ಮೌಸ್ ಸರಿಪಡಿಸುತ್ತಾ ನಾನು ಬಗ್ಗಿದ್ದೆ. ಹುಡುಗಿ ಮೌಸಿನ ಕಡೆ ನೋಡಲಿಲ್ಲ. ತೋರುಬೆರಳು ಚಾಚಿ ಸ್ಪೇಸ್ ಬಾರಿನ ಕುಂಕುಮವನ್ನು ಒತ್ತಿದಳು. ರೊಟ್ಟಿ ಹೋಗಿ ಅವ್ವನ ಕೈ ಬಂತು. ಅವ್ವನ ದನಿ ಬಂತು. ಅವಳು ಬೆರಳನ್ನು ನೋಡಿಕೊಂಡಳು. ಮತ್ತೆ ಒತ್ತಿದಳು. ಅತ್ತೆಯ ಕೈ ಬಂತು.

ಸ್ಲೈಡ್ ಶೋ ಆ ಗುಂಡಿಗೂ ಮುಂದಕ್ಕೆ ಹೋಗುತ್ತದೆಂದು ಕಿರಿಯ ಟೀಚರಿಗೆ ಗೊತ್ತಿತ್ತಂತೆ. ಅದು ಈ ಹುಡುಗಿಗೆ ಬೇಕಾಗಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಂದೇ ಮೌಸನ್ನು ಸುತ್ತಿ ಕಪಾಟಿನಲ್ಲಿಟ್ಟೆ. ರಟ್ಟನ್ನು ಕೀಬೋರ್ಡಿನ ಅಳತೆಗೆ ಕತ್ತರಿಸಿ, ಸ್ಪೇಸ್ ಬಾರು ಮಾತ್ರ ಕಾಣುವಂತೆ ಕಂಡಿ ಬಿಟ್ಟು ಮುಚ್ಚಿದೆವು. ಕುಂಕುಮ ಒರೆಸಿ, ತಾಯಿಯ ಹಣೆಯ ಬೊಟ್ಟಿನಷ್ಟೇ ಅಗಲದ ಕೆಂಪು ಸ್ಟಿಕ್ಕರ್ ಅಂಟಿಸಿದೆವು. ಬಳೆ ಅಂಗಡಿಯಲ್ಲಿ ಅಳತೆ ನೋಡಿ ಆರಿಸಿದ್ದೆ.

ಇನ್ನೊಂದು ತೊಡಕು ಎದ್ದಿತು. ಒತ್ತುವುದು ತಿಳಿದ ಮೇಲೆ ಅವಳು ಟಕಟಕನೆ ಒತ್ತಿ ಖಾಲಿ ತಟ್ಟೆಗೆ ಹೋಗಿಬಿಡುತ್ತಿದ್ದಳು, ನಡುವಿನ ಮಾತು ಕೇಳುತ್ತಲೇ ಇರಲಿಲ್ಲ. ಅದಕ್ಕೆ ನಾನು ನನ್ನ ಅಂಗೈಯನ್ನು ಸ್ಟಿಕ್ಕರಿನ ಮೇಲೆ ಮುಚ್ಚಿಡತೊಡಗಿದೆ. ತಾಯಿಯ ಮಾತು ಪೂರ್ತಿಯಾದ ಮೇಲೆ ಕೈ ತೆಗೆಯುವುದು. ಕೆಲವು ದಿನ ನನ್ನ ಕೈಯನ್ನು ಉಗುರಿನಿಂದ ಕೆರೆದಳು. ಆಮೇಲೆ ಕಾಯತೊಡಗಿದಳು. ಮಾತು ನಿಂತದ್ದೇ ನನ್ನ ಕೈಯನ್ನು ತಾನೇ ಮೆಲ್ಲಗೆ ಎತ್ತಿ ಪಕ್ಕಕ್ಕಿಡುತ್ತಿದ್ದಳು. ಖಾಲಿ ತಟ್ಟೆ ಬಂದರೆ ಸಿಡಿ ತಟ್ಟೆಯ ರಟ್ಟು ತೆಗೆದು, ಒಂದು ಸಲ ಹೊರಗೆ, ಒಂದು ಸಲ ಒಳಗೆ. ಅದು ಅವಳ ಬಹುಮಾನ.

ಊಟವನ್ನು ಪರದೆಯ ಮುಂದೆಯೇ ನಡೆಸಿದೆವು. ಅತ್ತೆಯ ಕೈ ಪರದೆಯ ಮೇಲೆ ಬಂದಾಗ ಅತ್ತೆ ತುತ್ತು ಹಿಡಿಯುವುದು, ತಾಯಿ ಅವರ ಕೈಯ ಮೇಲೆ ತಮ್ಮ ಕೈ ಇಡುವುದು. ಆಮೇಲೆ ತಾಯಿ ಮಣಿಕಟ್ಟು ಮಾತ್ರ ಹಿಡಿದರು, ಆಮೇಲೆ ಮೊಣಕೈ, ಆಮೇಲೆ ಹಿಂದೆ ಸರಿದು ಕೂತರು, ಆಮೇಲೆ ಬಾಗಿಲಾಚೆ. ಎಂದು ಒಂದು ಹೆಜ್ಜೆ ಅವಸರ ಮಾಡಿದೆವೋ ಅಂದು ಎರಡು ಹೆಜ್ಜೆ ಹಿಂದೆ. ಕೊನೆಗೊಂದು ಮಧ್ಯಾಹ್ನ ತಾಯಿ ಕೆಳಗೆ ಗೇಟಿನ ಹತ್ತಿರ ನಿಂತಿದ್ದಾಗ ಹುಡುಗಿ ಅತ್ತೆಯ ಕೈಯಿಂದ ಒಂದು ರೊಟ್ಟಿಯನ್ನು ಪೂರಾ ತಿಂದಳು. ನಾನು ಕಿಟಕಿಯಿಂದ ಕೈ ಬೀಸಿ ಹೇಳಿದೆ. ಆ ತಾಯಿ ಗೇಟು ಹಿಡಿದುಕೊಂಡೇ ನಿಂತರು.

ಗೆದ್ದೆವು ಎಂದುಕೊಂಡೆವು. ಮರುದಿನ ಅತ್ತೆ ಬಂದವರೇ, "ಅಕ್ಕಾರ, ಮನ್ಯಾಗ ಗಂಗಾಳ ಒಗದ್ಲು ನೋಡ್ರಿ," ಎಂದು ತಟ್ಟೆ ಎಸೆದ ಹಾಗೆ ಕೈ ಬೀಸಿ ತೋರಿಸಿದರು. "ಇಲ್ಲಿ ಪೆಟ್ಟಿಗಿ ಹೇಳಿದ್ರ ಉಣ್ತಾಳ. ಅಲ್ಲಿ ನಾ ಹೇಳಿದ್ರ ಉಣ್ಣಂಗಿಲ್ಲ. ನನಗಿಂತ ಅದ ಹತ್ತರದ ಬೀಗರಾತು."

ಇಲ್ಲಿ ಕಲಿತದ್ದು ಇಲ್ಲಿಗೇ. ಈ ಮಕ್ಕಳಲ್ಲಿ ಇದು ಹೊಸದಲ್ಲ. ಕಲಿತ ಕೋಣೆ, ಕಲಿತ ಚಾಪೆ ಬದಲಾದರೆ ಕಲಿತದ್ದೂ ಜಾರುತ್ತದೆ. ಅದೇ ಫೋಟೋಗಳನ್ನು ರಟ್ಟಿಗೆ ಅಂಟಿಸಿ, ಮೂಲೆಗೆ ಸ್ಟಿಕ್ಕರ್ ಹಾಕಿ ಮನೆಗೆ ಕಳಿಸಿದೆ. ಸ್ಟಿಕ್ಕರ್ ಒತ್ತಿದರೆ ಅವ್ವನ ಮಾತು ಬರಲಿಲ್ಲ. ರಟ್ಟೂ ಸುರುಳಿಯಾಯಿತು. ದೀಪಾವಳಿಗೆ ಹೆಚ್ಚು ದಿನವಿರಲಿಲ್ಲ. ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಮುಂದಿನ ವರ್ಷ ಮಾಡಿಸಿದ್ರ ಆಗಂಗಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. ಅವರ ಉಗುರುಗಳು ಕಾಗದದಷ್ಟು ಬೆಳ್ಳಗಿದ್ದವು.

ನಾನು ನೇರ ನಮ್ಮ ಕೇಂದ್ರದ ದೊಡ್ಡ ಮೇಡಂ ಅವರ ಕೋಣೆಗೆ ಹೋದೆ. ಕಂಪ್ಯೂಟರನ್ನೇ ಅವರ ಮನೆಗೆ ಒಯ್ಯಬೇಕು ಎಂದೆ.

"ಇರೋದೇ ಒಂದು. ಬೇರೆ ಪೇರೆಂಟ್ಸ್ ಕೇಳಿದ್ರೆ ಏನ್ ಹೇಳ್ಲಿ?"

"ಅದಿಲ್ಲದೆ ಇಷ್ಟು ವರ್ಷ ನಡೆಸಿದ್ದೀವಲ್ಲ ಮೇಡಂ. ಇನ್ನೊಂದು ತಿಂಗಳು ನಡೆಸೋಣ. ಆಯಮ್ಮನ ಹತ್ರ ಆ ಒಂದು ತಿಂಗಳಿಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಾ ತಗೊಂಡ್ಹೋಗ್ತೀರಾ?"

"ಮೌಸ್ ಇಲ್ಲೇ ಇರತ್ತೆ."

"ಸರಿ ಬಿಡಿ. ಯಾರಾದ್ರೂ ಕೇಳಿದ್ರೆ ಅದರ ಬಾಲ ತೋರಿಸ್ತೀನಿ." ಅಷ್ಟು ಹೇಳಿ ಅವರೇ ಎದ್ದು ಬಂದು ವೈರುಗಳನ್ನು ಬಿಚ್ಚಲು ಕೈ ಹಾಕಿದರು.

ಸ್ವಿಚ್ ಹಾಕಿದರೆ ಸಾಕು, ಬೇರೇನೂ ಮುಟ್ಟದೆ ಚಿತ್ರಗಳು ತಾವೇ ಬಂದು ನಿಲ್ಲುವ ಹಾಗೆ ಕಿರಿಯ ಟೀಚರ್ ಏರ್ಪಾಡು ಮಾಡಿದಳು. ಊಟದ ಕಥೆಯ ಹಿಂದೆಯೇ ಆಸ್ಪತ್ರೆಯ ಕಥೆಯನ್ನೂ ಜೋಡಿಸಿದಳು. ಆಟೋದಲ್ಲಿ ಮಾನಿಟರನ್ನು ಮಗುವಿನಂತೆ ನನ್ನ ತೊಡೆಯ ಮೇಲೆ, ಉಳಿದದ್ದನ್ನು ಅವಳ ಕಾಲ ಬಳಿ ಇಟ್ಟುಕೊಂಡು ಹೊರಟೆವು. "ಟಿವಿನಾ ಅಕ್ಕ?" ಎಂದ ಆಟೋದವನು. ಕಂಪ್ಯೂಟರ್ ಎಂದೆ. "ಒಡೆದ್ರೆ ನನ್ನ ಕೇಳ್ಬೇಡಿ," ಎಂದವನು ಬಿಟಿಎಂವರೆಗೂ, "ಹಂಪ್ ಬಂತು, ಹಿಡ್ಕೊಳ್ಳಿ ಅಕ್ಕ," ಎಂದು ಒಂದೊಂದು ಹಂಪಿಗೂ ಎಚ್ಚರಿಸುತ್ತಾ ಒಯ್ದ. ಅಡುಗೆಮನೆಯ ಪಕ್ಕದಲ್ಲಿ ಗಿಡ್ಡ ಮಣೆಯ ಮೇಲೆ ಮಾನಿಟರು ಕೂತಿತು. ಕೇಂದ್ರದ ಚಾಪೆಯನ್ನೂ ತಂದು ಹಾಸಿದ್ದೆ. ಹುಡುಗಿ ಬಂದು, ಸ್ಟಿಕ್ಕರ್ ಇದೆಯೇ ಎಂದು ನೋಡಿ, ಕೂತಳು. ದೀಪಾವಳಿಯ ಪಟಾಕಿ ಸದ್ದಿಗೆ ಒಂದೆರಡು ದಿನ ಕೆಟ್ಟರೂ, ಆಮೇಲೆ ಆ ಮನೆಯಲ್ಲೂ ಅತ್ತೆಯ ತುತ್ತು ನಡೆಯಿತು. ತಾಯಿ ಮನೆಯೊಳಗೆ ಎಲ್ಲೋ ಇದ್ದರೆ ಮಾತ್ರ.

ತಾಯಿ ಆಸ್ಪತ್ರೆ ಸೇರಿದ ಸಂಜೆ ಅದು ನಿಂತಿತು.

ನಮ್ಮ ಮನೆ ಬನಶಂಕರಿಯಲ್ಲಿ. ಮರುದಿನ ಬೇಗ ಹೊರಟು ಅವರ ಮನೆಗೆ ಹೋದೆ. ಅತ್ತೆ ನೆಲದ ಮೇಲೆ ಕೂತಿದ್ದರು. ಮುಂದೆ ತಣ್ಣಗಾದ ರೊಟ್ಟಿ. "ಒಂದ ತುತ್ತು ಒಳಗ ಹೋಗಿಲ್ರಿ. ನೀರೂ ಇಲ್ಲ." ಹುಡುಗಿ ಮೂಲೆಯಲ್ಲಿ ಮೊಣಕಾಲಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಮನೆ ಮಾಲೀಕರು ಕೂಗಿದರು, ಆಸ್ಪತ್ರೆಯಿಂದ ಫೋನು. ನಾನೇ ಇಳಿದು ಹೋದೆ. ಹುಡುಗಿಯ ತಂದೆ.

"ಇನ್ನೊಂದು ತಾಸಿಗೆ ಒಳಗ ಒಯ್ತಾರ್ರಿ. ಮಗಳು ಉಂಡ್ಲೇನು ಅಂತ ಒಂದ ಸಮ ಕೇಳಾಕತ್ತಾಳ. ಇಲ್ಲಂದ್ರ ಎದ್ದ ಬರ್ತೀನಿ ಅಂತಾಳ. ಉಂಡ್ಲು ಅಂತ ಹೇಳಿಬಿಡ್ಲೇನ್ರಿ?"

ಸುಳ್ಳು ಹೇಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಡಿ ಎಂದು ಫೋನು ಇಟ್ಟೆ.

ಮೇಲೆ ಬಂದು ಬಿಸಿ ರೊಟ್ಟಿ ತಟ್ಟಲು ಹೇಳಿ, ಕಂಪ್ಯೂಟರ್ ಹಾಕಿದೆ. ಹುಡುಗಿ ತಡವಾಗಿ ಆದರೂ ಬಂದು ಕೂತು ಒತ್ತಿದಳು. ಅತ್ತೆಯ ಕೈ ಬಂತು, ತಾಯಿಯ ದನಿ ಶುರುವಾಯಿತು. ಅದರ ಮೇಲೆಯೇ ಅತ್ತೆ, "ಉಣ್ಣವಾ, ನನ್ನ ಬಂಗಾರ, ಒಂದ ತುತ್ತು ಉಣ್ಣ, ನಿನ್ನ ಕಾಲಿಗೆ ಬೀಳ್ತೀನಿ," ಎನ್ನುತ್ತಾ ತುತ್ತು ಮುಂದೆ ತಂದರು. ಹುಡುಗಿ ಕಿವಿ ಮುಚ್ಚಿಕೊಂಡಳು. ಹಿಂದಿನ ಸಂಜೆ ಪೂರ್ತಿ ನಡೆದದ್ದು ಇದೇ ಎಂದು ನನಗೆ ಆಗ ತಿಳಿಯಿತು. ಆತಂಕಕ್ಕೆ ಅವರ ಗಟ್ಟಿ ದನಿ ಇನ್ನೂ ಗಟ್ಟಿಯಾಗಿತ್ತು. ಅದರಡಿ ತಾಯಿಯ ದನಿ ಮುಳುಗಿತ್ತು.

"ಅತ್ತೆ, ನೀವು ಏನೂ ಮಾತಾಡ್ಬೇಡಿ," ಎಂದೆ. "ಅವಳ ಅವ್ವ ಮಾತಾಡ್ಲಿ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೊದಲಿನಿಂದ ಹಾಕಿದೆ. ರೊಟ್ಟಿ. ಅವ್ವನ ಕೈ. ಅತ್ತೆಯ ಕೈ. "ಈಗ ಅತ್ತಿ ತಿನಸ್ತಾಳ. ಬಾಯಿ ತಗಿ." ಹಿಂದೆ ಸೊಪ್ಪಿನವಳ ಕೂಗು. ಆಮೇಲೆ ಸದ್ದಿಲ್ಲ. ಅತ್ತೆಯ ಕೈ ಗಾಳಿಯಲ್ಲಿ ಅಲುಗದೆ ನಿಂತಿತ್ತು. ಹುಡುಗಿ ಪರದೆ ನೋಡಿದಳು, ಆ ಕೈ ನೋಡಿದಳು, ನನ್ನ ಅಂಗೈಯನ್ನು ಎತ್ತಿ ಪಕ್ಕಕ್ಕಿಟ್ಟಳು. ಬಾಯಿ ತೆರೆದಳು.

ಫೋನು ಮತ್ತೆ ಬಂದಾಗ ಅತ್ತೆ ಬರಿಗಾಲಲ್ಲಿ ಇಳಿದು ಓಡಿದರು. "ಅರ್ಧಾ ರೊಟ್ಟಿ ಉಂಡಾಳ, ಇನ್ನಾ ಉಣ್ಣಾಕತ್ತಾಳ, ಸುಮ್ನ ಮಕ್ಕೋ ಅಂತ ಹೇಳೋ ಅಕಿಗೆ," ಎಂದು ಅವರು ಕೂಗಿದ್ದು ಮಹಡಿಗೂ ಕೇಳಿಸಿತು. ಅಂದು ಮಧ್ಯಾಹ್ನ ಆಪರೇಷನ್ ಸರಿಯಾಗಿ ಮುಗಿಯಿತೆಂದು ಸುದ್ದಿ ಬಂತು.

ಆಮೇಲಿನ ದಿನಗಳಲ್ಲೂ ನಾನು ಬೆಳಿಗ್ಗೆ ಆ ಕಡೆಯಿಂದಲೇ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಯಂತ್ರ ಹಾಕಿದರೆ ನೀಲಿ ಪರದೆ ಬಂದು ನಿಂತಿತು. ಸರಿಯಾಗಿ ಮುಚ್ಚದೆ ಆರಿಹೋದರೆ ಆಗಿನ ಕಂಪ್ಯೂಟರುಗಳು ಹಾಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳುತ್ತಿದ್ದವು.

"ಇದೂ ಸಿಟ್ಟಾಕ್ಕೈತೇನ್ರಿ?" ಎಂದರು ಅತ್ತೆ. "ನಿನ್ನೆ ಊಟದ ಹೊತ್ತಿಗೆ ಕರೆಂಟ್ ಹೋತು."

"ಹೌದಾ? ಮತ್ತೆ ಏನ್ ಮಾಡಿದ್ರಿ?"

"ಏನ್ ಮಾಡ್ಲಿ. ಆ ಕೆಂಪು ಬೊಟ್ಟು ಒತ್ತಿದ್ಲು, ಒತ್ತಿದ್ಲು, ಏನೂ ಬರಲಿಲ್ಲ. ಕತ್ತಲ ಬ್ಯಾರೆ. ಮೇಣದಬತ್ತಿ ಹಚ್ಚಿದೆ. ನೀವು ಮಾತಾಡಬ್ಯಾಡ ಅಂದಿದ್ರಿ, ಆದ್ರ ಪೆಟ್ಟಿಗೀನೂ ಮಾತಾಡಲಿಲ್ಲಲ್ರಿ. ಅದಕ್ಕ ಅದು ಹೇಳೋದನ್ನ ಸಣ್ಣ ದನೀಲೆ ನಾನ ಹೇಳಿದೆ, 'ಈಗ ಅತ್ತಿ ತಿನಸ್ತಾಳ, ಬಾಯಿ ತಗಿ.' ನನ್ನ ಮಾರಿ ನೋಡಿದ್ಲು. ತಗದ್ಲು."

"ಪೂರ್ತಿ ಊಟ ಮಾಡಿದ್ಲಾ?"

"ಪೂರಾ ಉಂಡ್ಲು. ಸೊಪ್ಪಿನಾಕಿ ಕೂಗೂ ನಾನ ಹಾಕಿದೆ," ಎಂದು ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ.

ತಾಯಿ ಮನೆಗೆ ಬಂದ ದಿನ ನಾನೂ ಕಿರಿಯ ಟೀಚರೂ ಹೋಗಿದ್ದೆವು. ಗಂಡನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮೈಮೇಲೆ ನೈಟಿ, ಅದರ ಮೇಲೆ ಶಾಲು, ಕಿವಿಗೆ ಮಫ್ಲರು. ಹುಡುಗಿ ಓಡಿ ಬಂದವಳು ಬಾಗಿಲಲ್ಲೇ ನಿಂತಳು. ತಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಿರುಗಿ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಆಸ್ಪತ್ರೆಯ ಕಥೆಯನ್ನು ಒತ್ತುತ್ತಾ ಕೊನೆಯ ಚಿತ್ರಕ್ಕೆ ಹೋದಳು. ಅದರಲ್ಲಿ ಅವ್ವ ಹಸಿರು ಸೀರೆ ಉಟ್ಟು, ಹೂ ಮುಡಿದು ಬಾಗಿಲಲ್ಲಿ ನಿಂತಿದ್ದರು. ಹುಡುಗಿ ಬಂದು ತಾಯಿಯ ಶಾಲನ್ನು ಹಿಡಿದು ಎಳೆಯತೊಡಗಿದಳು. ಬಿಡಿಸಿದಷ್ಟೂ ಎಳೆಯುತ್ತಿದ್ದಳು.

ಆಪರೇಷನ್ ಆದವರು ಹಬ್ಬದ ಸೀರೆ ಉಟ್ಟು ಮನೆಗೆ ಬರುವುದಿಲ್ಲ ಎಂಬುದು ಫೋಟೋ ತೆಗೆಯುವಾಗ ನಮ್ಮಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಫೋಟೋ ಎಂದರೆ ಒಳ್ಳೆಯ ಸೀರೆ ಎಂದು ಅವರು ಉಟ್ಟರು, ಚೆನ್ನಾಗಿದೆ ಎಂದು ನಾವು ತೆಗೆದೆವು.

"ಟ್ರಂಕಿನ್ಯಾಗ ಐತಿ, ತಗೀರಿ ವೈನಿ," ಎಂದು ತಾಯಿ ಗೋಡೆ ಹಿಡಿದು ಕೂರುತ್ತಾ ಅತ್ತೆಗೆ ಹೇಳಿ, ಮಗಳ ಕಡೆ ನೋಡಿದರು. "ನಮ್ಮ ಸಾಹೇಬರು ಪರ್ಮಿಷನ್ ಕೊಡವಲ್ರು." ಉಡುವ ಸ್ಥಿತಿಯಿರಲಿಲ್ಲ. ಅತ್ತೆ ಸೀರೆಯನ್ನು ಹೆಗಲ ಮೇಲಿಂದ ಹೊದಿಸಿದರು. ಕಿರಿಯ ಟೀಚರ್ ತನ್ನ ಜಡೆಯ ಹೂ ತೆಗೆದು ಮುಡಿಸಿದಳು. ಹುಡುಗಿ ಪರದೆಯನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿ, ಅವರ ಪಕ್ಕದಲ್ಲಿ, ಅವರ ಭುಜಕ್ಕೆ ತನ್ನ ಭುಜ ತಾಗುವಂತೆ ಕೂತಳು.

ಎಲ್ಲರೂ ಊಟ ಮಾಡಿಯೇ ಹೋಗಬೇಕು ಎಂದು ಅತ್ತೆ ಒಲೆ ಹಚ್ಚಿದರು. ತಾಯಿ ಅಭ್ಯಾಸಬಲದಿಂದ ತಟ್ಟೆ ಎಳೆದುಕೊಂಡು ತುತ್ತು ಕಲಸಿ ಮಗಳ ಕಡೆ ಹಿಡಿದರು. ಹೊಲಿಗೆಯ ನೋವಿಗೆ ತೋಳು ಅರ್ಧದಲ್ಲೇ ಇಳಿಯಿತು. ಹುಡುಗಿ ಅದನ್ನು ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಒಲೆಯ ಕಡೆ ತಿರುಗಿ ಅತ್ತೆಗೆ ಬಾಯಿ ತೆರೆದು ತೋರಿಸಿದಳು.

"ಹೋಗ್, ಆಕಿ ಹಂತ್ಯಾಕನ ಹೋಗ್," ಎಂದು ತಾಯಿ ನಕ್ಕರು. ಕೈಯಲ್ಲಿ ಹಿಡಿದಿದ್ದ ತುತ್ತನ್ನು ಸ್ವಲ್ಪ ಹೊತ್ತು ನೋಡಿ ತಮ್ಮ ಬಾಯಿಗೆ ಹಾಕಿಕೊಂಡರು. ಇನ್ನೊಂದು ರೊಟ್ಟಿ ಹೆಂಚಿನಿಂದ ನೇರ ಅವರ ತಟ್ಟೆಗೆ ಬಿತ್ತು. ಅದನ್ನು ಮುರಿದರೆ ಹಬೆ ಎದ್ದಿತು. ಅವರು ನಿಧಾನವಾಗಿ ಅಗಿಯುತ್ತಿದ್ದರು.

"ಅಕ್ಕಾರ," ಎಂದರು, "ಇಕಿ ಹುಟ್ಟಿದ ಮ್ಯಾಲೆ ನಾ ಬಿಸಿ ರೊಟ್ಟಿ ಉಂಡಿದ್ದು ಇವತ್ತ ನೋಡ್ರಿ."